ಒಡವೆ ಇದ್ದವಳು ಒಡತಿಯೇ?

ತಲಕಾಡಿನ ಹೆಸರು ಎತ್ತಿದೊಡನೆ ನಮ್ಮ ಕಡೆಯ ಹೆಂಗಸರ ಬಾಯಲ್ಲಿ ಮೊದಲು ಬರುವುದು ಅಲಮೇಲಮ್ಮನ ಶಾಪ. ಪಂಚಲಿಂಗ ದರ್ಶನಕ್ಕೆ ಹೋಗಿ ಬಂದವರು, ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದ ಮೇಡಂಗಳು, ಕಾವೇರಿಯಲ್ಲಿ ಮಿಂದು ಮರಳ ಮೇಲೆ ಕುಳಿತು ಚಿತ್ರಾನ್ನ ಮೊಸರನ್ನ ಉಂಡು ಬಂದವರು, ಎಲ್ಲರೂ ಆ ಶಾಪದ ಮೂರು ತುಂಡುಗಳನ್ನು ಬೆರಳು ಮಡಿಸಿ ಎಣಿಸುತ್ತಾರೆ. ಊರು ಮರಳಿನಲ್ಲಿ ಹೂತಿತು, ಸರಿ. ಮಾಲಂಗಿಯಲ್ಲಿ ಮಡು ಉಳಿಯಿತು, ಸರಿ. ಅರಮನೆಯಲ್ಲಿ ತೊಟ್ಟಿಲು ತೂಗುವುದು ಕಷ್ಟವಾಯಿತು, ಅದೂ ಸರಿ. 2017ರ ಡಿಸೆಂಬರಿನಲ್ಲಿ ಮೈಸೂರು ರಾಜಮನೆತನದಲ್ಲಿ ಗಂಡುಮಗು ಹುಟ್ಟಿದಾಗ, ಶಾಪ ವಿಮೋಚನೆಯಾಯಿತೇ ಎಂದು ಪತ್ರಿಕೆಗಳು ಕೇಳಿದವು. ನಾಲ್ಕು ನೂರು ವರ್ಷಗಳಿಂದ ನಾವು ಶಾಪದ ಲೆಕ್ಕವನ್ನು ಇಷ್ಟು ಚೊಕ್ಕವಾಗಿ ಇಟ್ಟುಕೊಂಡು ಬಂದಿದ್ದೇವೆ. ಆದರೆ ಆ ಶಾಪ ಯಾತಕ್ಕಾಗಿ ಹುಟ್ಟಿತೋ ಆ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಆ ಒಡವೆ ಯಾರದು?

ಕಥೆ ನಿಮಗೆಲ್ಲ ಗೊತ್ತೇ ಇದೆ. 1610ರಲ್ಲಿ ಮೈಸೂರಿನ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನಿಂದ ಶ್ರೀರಂಗಪಟ್ಟಣವನ್ನು ತೆಗೆದುಕೊಂಡರು. ಕಾಯಿಲೆಯ ತಿರುಮಲರಾಯ ತಲಕಾಡಿಗೆ ಬಂದ. ಅವನ ಹೆಂಡತಿ ಅಲಮೇಲಮ್ಮ. ಅವಳ ಹತ್ತಿರ ಬೆಲೆ ಬಾಳುವ ಒಡವೆಗಳಿದ್ದವು. ಮಂಗಳವಾರ ಶುಕ್ರವಾರಗಳಂದು ಅವು ಶ್ರೀರಂಗಪಟ್ಟಣದ ರಂಗನಾಯಕಿ ಅಮ್ಮನವರ ಅಲಂಕಾರಕ್ಕೆ ಹೋಗಿ ಬರುತ್ತಿದ್ದವಂತೆ. ಪಟ್ಟಣ ಕೈಸೇರಿದ ಮೇಲೆ, ಒಡವೆಗಳೂ ದೇವಸ್ಥಾನಕ್ಕೆ ಸೇರಬೇಕೆಂದು ಅರಮನೆ ಕೇಳಿತು. ಅಲಮೇಲಮ್ಮ ಮುತ್ತಿನ ಮೂಗುತಿಯೊಂದನ್ನು ಕಳಿಸಿಕೊಟ್ಟಳು. ಮಿಕ್ಕದ್ದನ್ನು ಕೊಡಲಿಲ್ಲ. ತರಲು ಸೈನಿಕರು ಹೊರಟರು. ಅವಳು ಒಡವೆಯ ಗಂಟು ಕಟ್ಟಿಕೊಂಡು ಮಾಲಂಗಿಯ ಮಡುವಿಗೆ ಹಾರಿದಳು, ಹಾರುವ ಮುನ್ನ ಶಪಿಸಿದಳು.

ಇದರಲ್ಲಿ ಇತಿಹಾಸವೆಷ್ಟು ಕಥೆಯೆಷ್ಟು ಎಂಬುದನ್ನು ಪಂಡಿತರು ಬೇರೆ ಮಾಡಿಕೊಳ್ಳಲಿ. ತಲಕಾಡನ್ನು ಮರಳು ಮುಚ್ಚಿದ್ದಕ್ಕೆ ವಿಜ್ಞಾನಿಗಳು ನದಿಯ ತಿರುವು, ಮಾಧವಮಂತ್ರಿ ಕಟ್ಟೆ ಕಟ್ಟಿದ ಮೇಲೆ ಬಯಲಾದ ನದೀಪಾತ್ರ, ಆಷಾಢದ ಗಾಳಿ ಎಂದು ಕಾರಣ ಕೊಡುತ್ತಾರೆ. ಅದನ್ನು ನಂಬಲು ನನಗೇನೂ ಅಡ್ಡಿಯಿಲ್ಲ. ಆದರೆ ಕಥೆ ಸುಳ್ಳೇ ಆದರೂ ಅದನ್ನು ಹೇಳಿಕೊಂಡು ಬಂದವರು ಸುಳ್ಳಲ್ಲವಲ್ಲ! ಅವರು ಒಂದು ಹೆಣ್ಣಿನ ಬಾಯಲ್ಲಿ ಶಾಪವನ್ನು ಇಟ್ಟರೇ ಹೊರತು ‘ಇದು ನನ್ನದು’ ಎಂಬ ಸರಳ ಮಾತನ್ನು ಇಡಲಿಲ್ಲ. ಅರಮನೆಯ ವಾದವೇನು? ಅವು ದೇವರ ಒಡವೆ, ಪಟ್ಟಣ ನಮ್ಮದಾದ ಮೇಲೆ ಪಟ್ಟಣದ ದೇವರ ಒಡವೆಯೂ ನಮ್ಮ ಹೊಣೆ. ಗಂಡನ ಕಡೆಯ ವಾದ ಕಥೆಯಲ್ಲಿ ಇಲ್ಲ, ಇದ್ದಿದ್ದರೆ ಅದು ನನ್ನ ಸೀಮೆಯ ಸಂಪತ್ತು ಎಂದಿರುತ್ತಿತ್ತು. ದೇವರಿಗೆ ಒಂದು ಹಕ್ಕು, ದೊರೆಗೆ ಒಂದು ಹಕ್ಕು, ಗಂಡನಿಗೆ ಒಂದು ಹಕ್ಕು. ಕತ್ತಿನಲ್ಲಿ ಹಾಕಿಕೊಂಡವಳಿಗೆ? ಅವಳಿಗೆ ಮಡು. ನನ್ನ ಮಟ್ಟಿಗೆ ತಲಕಾಡಿನ ಕಥೆ ಶಾಪದ ಕಥೆಯೇ ಅಲ್ಲ. ಅದು ಒಂದು ಆಸ್ತಿಯ ವ್ಯಾಜ್ಯ, ಇನ್ನೂ ತೀರ್ಪಾಗಿಲ್ಲ, ಮತ್ತು ಅದರ ವಾಯಿದೆ ನಮ್ಮ ನಿಮ್ಮ ಮನೆಗಳಲ್ಲಿ ಈಗಲೂ ಬೀಳುತ್ತಲೇ ಇದೆ.

ಮಾತುಗಳನ್ನೇ ಸ್ವಲ್ಪ ನೋಡಿ. ಈ ಜಗಳದಲ್ಲಿ ಒಂದು ಕಡೆ ‘ಒಡೆಯರು’, ಇನ್ನೊಂದು ಕಡೆ ‘ಒಡವೆ’. ಎರಡೂ ಒಂದೇ ಬೇರಿನ ಮಾತುಗಳು. ‘ಒಡೆ’ ಎಂದರೆ ಹೊಂದಿರು, ತನ್ನದಾಗಿಸಿಕೊ. ತಮಿಳಿನಲ್ಲಿ ಅದು ‘ಉಡೈ’. ಹೊಂದಿದವನು ಒಡೆಯ, ಹೊಂದಿದ್ದು ಒಡವೆ. ಹಳೆಯ ಕನ್ನಡದಲ್ಲಿ ಒಡವೆ ಎಂದರೆ ಬರೀ ಸರ, ಬಳೆ, ಓಲೆ ಅಲ್ಲ. ಆಸ್ತಿ, ಸೊತ್ತು, ಸಂಪತ್ತು ಎಲ್ಲವೂ ಒಡವೆಯೇ. ಕಾಲ ಕಳೆದ ಹಾಗೆ ಏನಾಯಿತು? ಒಡೆಯ ಎಂಬ ಮಾತು ಬೆಳೆಯುತ್ತಾ ಹೋಯಿತು. ಜಮೀನಿನ ಯಜಮಾನ ಒಡೆಯ, ಮಠದ ಸ್ವಾಮಿ ಒಡೆಯ, ನಾಡಾಳುವ ದೊರೆ ಒಡೆಯ, ಕಡೆಗೆ ದೇವರೂ ಒಡೆಯ. ಒಡವೆ ಎಂಬ ಮಾತು ಸಣ್ಣದಾಗುತ್ತಾ ಹೋಯಿತು. ಹೊಲ ಹೋಯಿತು, ಮನೆ ಹೋಯಿತು, ದನಕರು ಹೋದವು. ಹೆಣ್ಣಿನ ಮೈಮೇಲೆ ಎಷ್ಟು ಹಿಡಿಸುತ್ತದೋ ಅಷ್ಟು ಮಾತ್ರ ಉಳಿಯಿತು. ಗಂಡಸಿನ ಪಾಲಿಗೆ ಭೂಮಿ ಆಕಾಶ, ಹೆಂಗಸಿನ ಪಾಲಿಗೆ ಕಿವಿ ಮೂಗು ಕತ್ತು!

ತಲಕಾಡಿನ ಒಡೆಯರಾದರೂ ಒಬ್ಬಿಬ್ಬರೇ? ಗಂಗರಿಗೆ ಅದು ರಾಜಧಾನಿ. ಚೋಳರು ಬಂದು ಅದಕ್ಕೆ ರಾಜರಾಜಪುರ ಎಂದು ತಮ್ಮ ಹೆಸರಿಟ್ಟರು. ಹೊಯ್ಸಳ ವಿಷ್ಣುವರ್ಧನ ಚೋಳರನ್ನು ಓಡಿಸಿ ‘ತಲಕಾಡುಗೊಂಡ’ ಎಂಬ ಬಿರುದು ಹಾಕಿಕೊಂಡ, 1117ರ ಸುಮಾರಿಗೆ ಕೀರ್ತಿನಾರಾಯಣನ ದೇವಸ್ಥಾನ ಕಟ್ಟಿಸಿದ. ಆಮೇಲೆ ವಿಜಯನಗರ, ಆಮೇಲೆ ಮೈಸೂರು. ‘ಗೊಂಡ’ ಎಂಬ ಮಾತನ್ನು ಗಮನಿಸಿದಿರಾ? ‘ಕೊಳ್ಳು’ ಎಂಬುದರಿಂದ ಬಂದದ್ದು. ಕನ್ನಡದಲ್ಲಿ ಕತ್ತಿ ಹಿಡಿದು ಕಿತ್ತುಕೊಂಡದ್ದೂ ‘ಕೊಂಡದ್ದು’, ದುಡ್ಡು ಕೊಟ್ಟು ತಂದದ್ದೂ ‘ಕೊಂಡದ್ದು’. ಕೊಂಡವನ ಹೆಸರು ಶಾಸನದಲ್ಲಿ ಉಳಿಯುತ್ತದೆ. ಇದ್ದದ್ದನ್ನು ಬಿಡಲೊಲ್ಲದವಳ ಹೆಸರು ಶಾಪದಲ್ಲಿ ಉಳಿಯುತ್ತದೆ.

ಈ ಆಟವನ್ನು ಕನ್ನಡ ಒಂದೇ ಆಡಿಲ್ಲ. ಫ್ರೆಂಚರನ್ನೇ ತೆಗೆದುಕೊಳ್ಳಿ. ಅವರು ನಮ್ಮ ಸೀಮೆಗೆ ಹೊಸಬರೇನಲ್ಲ. ಟಿಪ್ಪುವಿನ ಶ್ರೀರಂಗಪಟ್ಟಣದಲ್ಲಿ ಫ್ರೆಂಚ್ ಸಿಪಾಯಿಗಳಿದ್ದರು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಅಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿ ಅದೇ ಊರಿಗೆ ಬಂದು, 1823ರವರೆಗೆ ನಮ್ಮ ಕಡೆಯೇ ಇದ್ದು, ನಮ್ಮ ಜನರ ನಡೆನುಡಿಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದ. ಆ ಫ್ರೆಂಚರ ಭಾಷೆಯಲ್ಲಿ ‘ದೊಮೆನ್’ ಎಂಬ ಒಂದು ಮಾತಿದೆ. ಅದಕ್ಕೆ ಎಷ್ಟು ಅರ್ಥ ಗೊತ್ತೇ? ತೋಟ ತುಡಿಕೆ ಇರುವ ದೊಡ್ಡ ಜಮೀನು ದೊಮೆನ್. ದ್ರಾಕ್ಷಿ ಬೆಳೆದು ಮದ್ಯ ಮಾಡುವ ಎಸ್ಟೇಟು ದೊಮೆನ್. ರಾಜನ ಸ್ವಂತ ಸೀಮೆ ದೊಮೆನ್. ರಾಜರು ಹೋದ ಮೇಲೆ ಸರ್ಕಾರದ ಸ್ವತ್ತು ದೊಮೆನ್. ಹಕ್ಕಿನ ಅವಧಿ ಮುಗಿದು ಎಲ್ಲರದೂ ಆದ ಪುಸ್ತಕವೂ ಸಾರ್ವಜನಿಕ ದೊಮೆನ್‌ಗೆ ಬಿತ್ತು ಎನ್ನುತ್ತಾರೆ. ಒಬ್ಬರು ಓದಿ ಪಳಗಿದ ವಿಷಯವೂ ಅವರ ದೊಮೆನ್, ಗೊತ್ತಿಲ್ಲದ ವಿಷಯ ಬಂದರೆ ‘ಅದು ನನ್ನ ದೊಮೆನ್ ಅಲ್ಲ’ ಎಂದು ಕೈ ತೊಳೆದುಕೊಳ್ಳಬಹುದು. ಈಗ ಕಂಪ್ಯೂಟರಿನಲ್ಲಿ ವಿಳಾಸ ಕೊಳ್ಳುವ ಹುಡುಗರೂ ‘ಡೊಮೈನ್’ ಎನ್ನುವುದು ಇದನ್ನೇ.

ಇಷ್ಟೆಲ್ಲ ಅರ್ಥಗಳ ಹಿಂದೆ ಇರುವುದು ಲ್ಯಾಟಿನ್ನಿನ ‘ದೊಮಿನುಸ್’, ಅಂದರೆ ಒಡೆಯ. ಅದರ ಹಿಂದೆ ‘ದೊಮುಸ್’, ಅಂದರೆ ಮನೆ. ಮನೆಯಲ್ಲಿ ಹುಟ್ಟಿದ ಮಾತು ಹೊಸಿಲು ದಾಟಿ ಸೀಮೆಯಾಯಿತು, ರಾಜ್ಯವಾಯಿತು. ಮನೆಯಲ್ಲೇ ಇದ್ದ ಹೆಂಗಸು ಏನಾದಳು? ದೊಮಿನುಸ್‌ನ ಸ್ತ್ರೀಲಿಂಗ ‘ದೊಮಿನಾ’, ಒಡತಿ. ಅದು ಫ್ರೆಂಚಿನಲ್ಲಿ ‘ದಾಮ್’ ಆಯಿತು. ‘ನನ್ನ ಒಡತಿ’ ಎಂಬುದು ‘ಮದಾಮ್’ ಆಯಿತು. ನಮ್ಮ ಶಾಲೆಯ ಮಕ್ಕಳು ದಿನಕ್ಕೆ ನೂರು ಸಲ ಕೂಗುವ ಮೇಡಂ ಇದೇ! ಇನ್ನೊಂದು ಸ್ವಾರಸ್ಯ ಕೇಳಿ. ಅದೇ ಬೇರಿನಿಂದ ಹಳೆಯ ಫ್ರೆಂಚಿನಲ್ಲಿ ಒಡೆಯನ ಅಧಿಕಾರಕ್ಕೆ ಒಂದು ಮಾತು ಹುಟ್ಟಿತು. ಒಡೆಯನ ಅಧಿಕಾರದೊಳಗೆ ಸಿಕ್ಕಿಕೊಳ್ಳುವುದು ಎಂಬ ಅರ್ಥ ನಿಧಾನವಾಗಿ ಅಪಾಯಕ್ಕೆ ಸಿಕ್ಕಿಕೊಳ್ಳುವುದು ಎಂದು ತಿರುಗಿತು. ಕರೆಂಟಿನ ಕಂಬದ ಮೇಲೆ ತಲೆಬುರುಡೆಯ ಕೆಳಗೆ ಬರೆದಿರುವ ‘ಡೇಂಜರ್’ ಬಂದದ್ದು ಹೀಗೆ. ಎಸ್ಟೇಟು, ಮೇಡಂ, ಡೇಂಜರ್ ಮೂವರೂ ಒಂದೇ ತಾಯಿಯ ಮಕ್ಕಳು.

ಸರಿ, ‘ನನ್ನ ಒಡತಿ’ ಎಂದು ಕರೆಸಿಕೊಂಡ ಫ್ರೆಂಚ್ ಹೆಂಗಸು ಯಾತರ ಒಡತಿ? ನೆಪೋಲಿಯನ್ನನ 1804ರ ಸಂಹಿತೆಯಲ್ಲಿ ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕೆಂದು ಕಲಮೇ ಇತ್ತು. ತಾನು ದುಡಿದ ಕೂಲಿಯ ಮೇಲೆ ಮದುವೆಯಾದ ಹೆಂಗಸಿಗೆ ಅಧಿಕಾರ ಬಂದದ್ದು 1907ರಲ್ಲಿ. ಗಂಡನ ಒಪ್ಪಿಗೆಯಿಲ್ಲದೆ ಬ್ಯಾಂಕಿನಲ್ಲಿ ಖಾತೆ ತೆರೆಯಲು, ಕೆಲಸಕ್ಕೆ ಸೇರಲು ಹಕ್ಕು ಬಂದದ್ದು 1965ರಲ್ಲಿ! ನೂರಾರು ವರ್ಷ ಮದಾಮ್ ಮದಾಮ್ ಎಂದು ಬಾಗಿ ಕೈಗೆ ಮುತ್ತಿಟ್ಟ ಜನ, ಆ ಕೈ ಒಂದು ಚೆಕ್ಕಿಗೆ ರುಜು ಹಾಕದ ಹಾಗೆ ನೋಡಿಕೊಂಡರು. ಗೌರವದ ಮಾತು ಬೇರೆ, ಹಕ್ಕಿನ ಪತ್ರ ಬೇರೆ. ಮಾತು ಸಿಹಿಯಾದಷ್ಟೂ ಪತ್ರವನ್ನು ಎರಡು ಸಲ ಓದಬೇಕು ಎಂದು ನಾನು ಹೇಳುವುದು ಇದಕ್ಕೇ.

ನಮ್ಮಲ್ಲಿ ಸಿಹಿ ಮಾತಿಗೇನು ಕೊರತೆಯೇ? ಗೃಹಲಕ್ಷ್ಮಿ, ಮನೆಯೊಡತಿ, ಯಜಮಾನಿ. 2013ರ ಆಹಾರ ಭದ್ರತಾ ಕಾಯಿದೆಯ ಪ್ರಕಾರ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸೇ ಕುಟುಂಬದ ಮುಖ್ಯಸ್ಥೆ. 2023ರ ಆಗಸ್ಟ್ 30ರಂದು ನಮ್ಮ ಮೈಸೂರಿನಲ್ಲೇ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿ ಯಜಮಾನಿಯ ಹೆಸರಿಗೇ. ಒಳ್ಳೆಯದೇ ಆಯಿತು, ನಾನು ಬೇಡವೆನ್ನುವುದಿಲ್ಲ. ಆದರೆ ರೇಷನ್ ಕಾರ್ಡಿನ ಪಕ್ಕದಲ್ಲಿ ಅದೇ ಮನೆಯ ಪಹಣಿಯನ್ನು ಇಟ್ಟು ನೋಡಿ. ಅಕ್ಕಿ ತರುವ ಚೀಟಿಯಲ್ಲಿ ಯಜಮಾನಿಯಾದವಳು ಭತ್ತ ಬೆಳೆಯುವ ಗದ್ದೆಯ ಕಾಗದದಲ್ಲಿ ಎಷ್ಟು ಮನೆಗಳಲ್ಲಿ ಇದ್ದಾಳೆ? ತಿರುಮಕೂಡಲಿನ ಆಚೆ ಈಚೆ, ತಲಕಾಡಿನ ನಾಲೆಯ ಕೆಳಗೆ ನಾಟಿಯ ಕಾಲದಲ್ಲಿ ಹೋಗಿ ನೋಡಿ. ಕೆಸರಿನಲ್ಲಿ ಸಾಲಾಗಿ ಬಗ್ಗಿ ಪೈರು ನೆಡುವವರು ಹೆಂಗಸರು, ಕಳೆ ಕೀಳುವವರು ಹೆಂಗಸರು. ಪಹಣಿಯ 9ನೆಯ ಕಾಲಂನಲ್ಲಿ ಇರುವ ಹೆಸರು ಮಾವನದು, ಗಂಡನದು, ಮೈದುನನದು. ‘ರೈತ’ ಎಂದರೆ ಕಣ್ಣಿಗೆ ಕಟ್ಟುವುದೇ ಹೆಗಲ ಮೇಲೆ ಟವೆಲ್ ಹಾಕಿದ ಗಂಡಸು!

ಹೆಸರು ಕಾಗದದಲ್ಲಿ ಇದ್ದರೇನು, ಇಲ್ಲದಿದ್ದರೇನು, ಅನ್ನ ಎಲ್ಲರೂ ಉಣ್ಣುತ್ತೇವಲ್ಲ ಎನ್ನುವವರಿದ್ದಾರೆ. ಅದಕ್ಕೂ ಆ ದೊಮೆನ್‌ನಲ್ಲೇ ಉತ್ತರವಿದೆ. ಎಲ್ಲರ ಒಡೆತನದ ಮೇಲೂ ರಾಜ್ಯಕ್ಕೆ ಒಂದು ಮೇಲು ಒಡೆತನ ಉಂಟು, ಸಾರ್ವಜನಿಕ ಕಾರ್ಯಕ್ಕೆ ಬೇಕಾದರೆ ಅದು ಯಾರ ಜಮೀನನ್ನಾದರೂ ತೆಗೆದುಕೊಂಡು ಪರಿಹಾರ ಕೊಡಬಹುದು ಎಂದು ಡಚ್ ಪಂಡಿತ ಗ್ರೋಷಿಯಸ್ 1625ರಲ್ಲಿ ಬರೆದ. ಇಂಗ್ಲಿಷಿನ ಕಾನೂನು ಪುಸ್ತಕಗಳಲ್ಲಿ ಅದಕ್ಕೂ ಡೊಮೈನ್ ಎಂದೇ ಹೆಸರು. ನಮ್ಮಲ್ಲಿ 1894ರ ಭೂಸ್ವಾಧೀನ ಕಾಯಿದೆ ನಡೆದದ್ದು ಆ ತತ್ವದ ಮೇಲೆ, ಅದರ ಜಾಗಕ್ಕೆ ಬಂದ 2013ರ ಕಾಯಿದೆಯೂ ಅದೇ. ರಸ್ತೆಗೋ ನಾಲೆಗೋ ಕಾರ್ಖಾನೆಗೋ ಜಮೀನು ಹೋದಾಗ ಅಧಿಕಾರಿ ಮೊದಲು ನೋಡುವುದು ದಾಖಲೆ. ಪರಿಹಾರದ ಚೆಕ್ಕು ಬರುವುದು ಅದರಲ್ಲಿ ಇರುವ ಹೆಸರಿಗೆ. ಇಪ್ಪತ್ತು ವರ್ಷ ಆ ಗದ್ದೆಯಲ್ಲಿ ಬೆನ್ನು ಬಗ್ಗಿಸಿದವಳಿಗೆ ಆ ದಿನ ತಿಳಿಯುತ್ತದೆ, ಹೆಸರು ಇದ್ದರೇನು ಇಲ್ಲದಿದ್ದರೇನು ಎಂಬುದು.

ಹೆಣ್ಣಿಗೆ ಆಸ್ತಿ ಕೊಡುವುದು ನಮ್ಮ ಧರ್ಮದಲ್ಲಿ ಇಲ್ಲ, ಇದೆಲ್ಲ ಪೇಟೆಯ ಹೆಂಗಸರು ಹುಟ್ಟುಹಾಕಿದ್ದು ಎಂದು ಇನ್ನೊಂದು ಮಾತು. ಹಾಗೆನ್ನುವವರು ನಮ್ಮ ಕನ್ನಡ ನೆಲದ ವಿಜ್ಞಾನೇಶ್ವರನನ್ನು ಓದಲಿ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ಈ ಪಂಡಿತ ಸುಮಾರು 900 ವರ್ಷಗಳ ಹಿಂದೆ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ಭಾರತದ ಬಹುಭಾಗಕ್ಕೆ ಹಿಂದೂ ಕಾನೂನು ಎಂದರೆ ಅದೇ ಆಯಿತು. ಹುಟ್ಟಿನಿಂದಲೇ ಗಂಡುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಎಂದದ್ದು ಮಿತಾಕ್ಷರವೇ, ಅದನ್ನು ಎಲ್ಲರೂ ನೆನಪಿಟ್ಟುಕೊಂಡರು. ಸ್ತ್ರೀಧನ ಎಂದರೆ ಮದುವೆಯಲ್ಲಿ ಬಂದ ಉಡುಗೊರೆ ಮಾತ್ರವಲ್ಲ, ಹೆಣ್ಣಿಗೆ ಉತ್ತರಾಧಿಕಾರದಿಂದ, ಕೊಳ್ಳುವುದರಿಂದ, ಪಾಲಿನಿಂದ ಬಂದದ್ದೂ ಸ್ತ್ರೀಧನವೇ ಎಂದದ್ದೂ ಮಿತಾಕ್ಷರವೇ. ಅದನ್ನು ಜಾಣತನದಿಂದ ಮರೆತರು. ಲಂಡನ್ನಿನಲ್ಲಿ ಕುಳಿತ ಪ್ರಿವಿ ಕೌನ್ಸಿಲ್ ನ್ಯಾಯಾಧೀಶರೂ ವಿಜ್ಞಾನೇಶ್ವರನ ಈ ವಿಶಾಲ ಅರ್ಥವನ್ನು ತೀರ್ಪುಗಳಲ್ಲಿ ಕತ್ತರಿಸಿ ಸಣ್ಣದು ಮಾಡಿದರು. ಗಂಡಿನ ಹಕ್ಕು ಬಂದಾಗ ಶಾಸ್ತ್ರ ಉಂಟು, ಹೆಣ್ಣಿನ ಹಕ್ಕು ಬಂದಾಗ ಶಾಸ್ತ್ರಕ್ಕೂ ಕತ್ತರಿ!

ಒಡವೆಯ ವ್ಯಾಜ್ಯಕ್ಕೆ ತೀರ್ಪಾಗಿಲ್ಲ ಎಂದೆನಲ್ಲ, ಅರ್ಧ ತೀರ್ಪು ಆಗಿದೆ ಎನ್ನಬೇಕು. ಅದೂ ಎಲ್ಲಿಂದ? ಅಲಮೇಲಮ್ಮನ ಹಿಂದೆ ಆಳು ಕಳಿಸಿದ ಆ ಮನೆತನದ ಸಂಸ್ಥಾನದಿಂದಲೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1933ರಲ್ಲಿ, ಮೈಸೂರು ಸಂಸ್ಥಾನ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿತು. ಹೆಣ್ಣಿನ ಆಭರಣ, ಬಟ್ಟೆಬರೆ, ಬಳುವಳಿ ಅವಳ ಸ್ತ್ರೀಧನ, ಅದರ ಮೇಲೆ ಅಧಿಕಾರ ಅವಳದು ಎಂದಿತು. ಬ್ರಿಟಿಷ್ ಇಂಡಿಯಾ ವಿಧವೆಯರಿಗೆ ಆಸ್ತಿಯ ಹಕ್ಕಿನ ಕಾನೂನು ಮಾಡಿದ್ದು ಅದಕ್ಕೂ ನಾಲ್ಕು ವರ್ಷ ತಡವಾಗಿ, 1937ರಲ್ಲಿ. ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೆಂಗಸು ಹೊಂದಿದ ಆಸ್ತಿಗೆ ಅವಳೇ ಪೂರ್ಣ ಒಡತಿ ಎಂದಿತು. 1985ರಲ್ಲಿ ಸುಪ್ರೀಂ ಕೋರ್ಟು, ಸ್ತ್ರೀಧನ ಗಂಡನ ಮನೆಯ ಬೀರುವಿನಲ್ಲಿದ್ದರೂ ಹೆಂಡತಿಯದೇ, ಕೇಳಿದಾಗ ಕೊಡದಿದ್ದರೆ ಅದು ಅಪರಾಧ ಎಂದಿತು.

ಜಮೀನಿನ ವಿಷಯದಲ್ಲಿ ಕಾನೂನು ಇನ್ನೂ ನಿಧಾನ. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂದು ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಎಂದಿತು, ಆದರೆ ಅಷ್ಟರಲ್ಲಿ ಮದುವೆಯಾಗಿ ಹೋದವರಿಗೆ ಇಲ್ಲ ಎಂದಿತು. ಹೊಸಿಲು ದಾಟಿದವಳು ಹಕ್ಕನ್ನೂ ದಾಟಿದಳು! 2005ರ ಸೆಪ್ಟೆಂಬರ್ 9ರಿಂದ ಆ ಭೇದ ದೇಶಕ್ಕೆಲ್ಲ ಹೋಯಿತು. ಮದುವೆಯಾಗಿರಲಿ ಬಿಡಲಿ, ಮಗಳೂ ಮಗನಷ್ಟೇ ಹಕ್ಕುದಾರಳು. ಆ ದಿನ ತಂದೆ ಬದುಕಿರಲೇಬೇಕೆಂದೂ ಇಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಬಿಡಿಸಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪಾಲುಪಟ್ಟಿ ಆಗಿದ್ದರೆ ಮಾತ್ರ ಅದನ್ನು ಕೆದಕುವಂತಿಲ್ಲ. ತಂದೆಯ ಸ್ವಯಾರ್ಜಿತವಾದರೆ ಅವರು ಇಷ್ಟ ಬಂದವರಿಗೆ ಉಯಿಲು ಬರೆಯಬಹುದು. ಬರೆಯದೆ ಹೋದರೆ ಮಗ, ಮಗಳು, ಹೆಂಡತಿ, ತಾಯಿಗೆ ಸಮಪಾಲು. ಮುಸ್ಲಿಂ ಮನೆಗಳಲ್ಲಿ ಷರಿಯತ್ತಿನಂತೆ ಮಗಳಿಗೆ ಮಗನ ಅರ್ಧದಷ್ಟು ಪಾಲು ಎಂದಿನಿಂದಲೂ ಇದೆ. ಆದರೂ ಅವರ ಮನೆಯಲ್ಲಾಗಲಿ ನಮ್ಮ ಮನೆಯಲ್ಲಾಗಲಿ ಕೊನೆಗೆ ನಡೆಯುವುದು ಒಂದೇ. ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರ!

ಆ ಪತ್ರದ ದಿನವನ್ನು ನೀವು ನೋಡಿರಬಹುದು. ತಾಲ್ಲೂಕು ಕೇಂದ್ರದ ಸಬ್ ರಿಜಿಸ್ಟ್ರಾರ್ ಕಚೇರಿ. ತಂದೆಯ ತಿಥಿ ಕಳೆದು ಇನ್ನೂ ವರ್ಷ ತುಂಬಿಲ್ಲ. ಅಕ್ಕತಂಗಿಯರನ್ನು ಬಾಡಿಗೆ ಕಾರಿನಲ್ಲಿ ಕರೆದುಕೊಂಡು ಬಂದಿದ್ದಾರೆ, ಎಂದೂ ಇಲ್ಲದ ಉಪಚಾರ, ಕೇಳುವ ಮೊದಲೇ ಕಾಫಿ. “ಇಲ್ಲೊಂದು ರುಜು ಹಾಕ್ಬುಡಕ್ಕ, ಖಾತೆ ಮಾಡ್ಸಕ್ಕೆ ಬೇಕಂತೆ” ಎನ್ನುತ್ತಾನೆ ತಮ್ಮ. “ನಿಂಗೇನಕ್ಕ ಕಮ್ಮಿಯಾಗಿರೋದು? ಭಾವ ಕೆಲಸದಲ್ಲವ್ರೆ.” ಪತ್ರದಲ್ಲಿ ಏನಿದೆ ಎಂದು ಅಕ್ಕ ಕೇಳುವುದಿಲ್ಲ, ಪತ್ರ ಬರಹಗಾರ ಓದುವುದೂ ಇಲ್ಲ. ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥ ಚಿತ್ತದಿಂದ, ಅರಿಶಿನ ಕುಂಕುಮದ ಬಾಬ್ತು ಇಷ್ಟು ಹಣ ಪಡೆದು, ಇನ್ನು ಮುಂದೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಇಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ಹೆಬ್ಬೆರಳು ಒತ್ತುತ್ತಾಳೆ, ಫೋಟೋ ತೆಗೆಯುತ್ತಾರೆ. ಸಂಜೆ ಒಂದು ಸೀರೆ, ತಟ್ಟೆಯಲ್ಲಿ ಹಣ್ಣು ಎಲೆಯಡಿಕೆ. ಸೀರೆ ಚೆನ್ನಾಗಿದೆ ಎಂದು ಓರಗಿತ್ತಿಗೆ ತೋರಿಸುತ್ತಾಳೆ. ಅದು ಎಷ್ಟು ಎಕರೆಯ ಸೀರೆ ಎಂದು ಯಾರೂ ಹೇಳುವುದಿಲ್ಲ.

ಇದಕ್ಕೆ ಸಮರ್ಥನೆಗಳೂ ಇವೆ. ಒಂದೊಂದಾಗಿ ನೋಡೋಣ. ಮದುವೆಗೆ ಖರ್ಚು ಮಾಡಿದ್ದೇವೆ, ಅದೇ ಅವಳ ಪಾಲು ಎನ್ನುತ್ತಾರೆ. ಛತ್ರದ ಬಾಡಿಗೆ, ವಾಲಗದವರ ದುಡ್ಡು, ಸಾವಿರ ಜನದ ಊಟ ಅವಳ ಪಾಲು ಹೇಗಾಗುತ್ತದೆ? ಉಂಡವರು ನೆಂಟರು. ಮಗನ ಮದುವೆಗೂ ಖರ್ಚಾಗಿರುತ್ತದೆ, ಅದನ್ನು ಅವನ ಪಾಲಿನಲ್ಲಿ ಯಾರಾದರೂ ಕಳೆಯುತ್ತಾರೆಯೇ? ವರದಕ್ಷಿಣೆ ಕೊಟ್ಟಿದ್ದೇವೆ ಎನ್ನುತ್ತಾರೆ. ಕೊಟ್ಟದ್ದು ಅಳಿಯನಿಗೆ, ಕಳೆದದ್ದು ಮಗಳ ಲೆಕ್ಕದಲ್ಲಿ! ವರದಕ್ಷಿಣೆ 1961ರಿಂದ ಅಪರಾಧ. ಕೊಟ್ಟುಬಿಟ್ಟದ್ದೂ ಹೆಂಡತಿಗೇ ಸೇರಬೇಕೆಂದು ಅದೇ ಕಾಯಿದೆ ಹೇಳುತ್ತದೆ. ಜಮೀನು ಚೂರುಚೂರಾಗುತ್ತದೆ ಎನ್ನುತ್ತಾರೆ. ನಾಲ್ಕು ಜನ ಅಣ್ಣತಮ್ಮಂದಿರು ಹಂಚಿಕೊಂಡಾಗ ಆಗದ ಚೂರು ಒಬ್ಬ ತಂಗಿ ಬಂದಾಗ ಆಗುತ್ತದೆಯೇ? ಭೂಮಿ ಒಟ್ಟಾಗಿರಬೇಕಾದರೆ ಇರಲಿ, ಹೆಸರುಗಳೂ ಒಟ್ಟಾಗಿರಲಿ, ಗುತ್ತಿಗೆಯ ದುಡ್ಡು ಪಾಲಾಗಲಿ.

ಕೊನೆಯ ಮಾತು ಎಲ್ಲಕ್ಕಿಂತ ಬಿರುಸು. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ. ಇದು ನಮ್ಮ ಕರುಳಿಗೆ ಕೈ ಹಾಕುವ ಮಾತು. ಗೌರಿ ಹಬ್ಬಕ್ಕೆ ತವರಿನಿಂದ ಬರುವ ಬಾಗಿನ, ಅಣ್ಣ ಕಳಿಸುವ ಐನೂರೋ ಸಾವಿರವೋ, ಅದರ ಬೆಲೆ ದುಡ್ಡಿನಲ್ಲಿ ಇಲ್ಲ, ನನಗೆ ಗೊತ್ತು. ನಮ್ಮವರು ಎಂಬುವರು ಇದ್ದಾರೆ ಎಂಬ ಧೈರ್ಯ ಅದು. ಆದರೆ ಅಕ್ಕತಂಗಿಯರೇ, ಪಾಲು ಬಿಟ್ಟುಕೊಟ್ಟವಳಿಗೆ ಮಾತ್ರ ತೆರೆಯುವ ಬಾಗಿಲು ತವರಿನ ಬಾಗಿಲಾಗುವುದು ಹೇಗೆ? ಅದು ಟೋಲ್‌ಗೇಟು. ಪ್ರೀತಿಯಿರುವ ಅಣ್ಣ ತಂಗಿಯ ಹೆಸರು ಪಹಣಿಯಲ್ಲಿ ಬಂತೆಂದು ಪ್ರೀತಿ ಬಿಡುವುದಿಲ್ಲ. ಪ್ರೀತಿ ಇಲ್ಲದ ಅಣ್ಣನಿಗೆ ಆರು ಎಕರೆ ಬರೆದುಕೊಟ್ಟರೂ ಮೂರು ಹಬ್ಬ ಕಳೆಯುವಷ್ಟರಲ್ಲಿ ಬಾಗಿನ ನಿಲ್ಲುತ್ತದೆ. ಇಂಥವನ್ನು ನಾವು ನಮ್ಮ ಬೀದಿಯಲ್ಲೇ ಎಷ್ಟು ಕಂಡಿಲ್ಲ?

ಚಿನ್ನ ಹಾಕಿ ಕಳಿಸಿದ್ದೇವಲ್ಲ ಎಂಬ ಮಾತಿಗೆ ಬರುತ್ತೇನೆ, ಏಕೆಂದರೆ ಇಡೀ ಜಗಳದ ಗುಟ್ಟು ಅಲ್ಲಿದೆ. ಗಂಡುಮಗನಿಗೆ ಭೂಮಿ, ಹೆಣ್ಣುಮಗಳಿಗೆ ಚಿನ್ನ ಎಂದು ಯಾರು ಹಂಚಿದರೋ ಅವರು ಬಹಳ ಬುದ್ಧಿವಂತರು. ಭೂಮಿ ಇದ್ದಲ್ಲೇ ಇರುತ್ತದೆ, ವರ್ಷ ವರ್ಷ ಬೆಳೆ ಕೊಡುತ್ತದೆ, ಸೊಸೈಟಿಯಲ್ಲಿ ಸಾಲ ಕೊಡಿಸುತ್ತದೆ, ಊರ ಸಭೆಯಲ್ಲಿ ಮಾತಿಗೆ ತೂಕ ಕೊಡುತ್ತದೆ. ಚಿನ್ನ ಬೆಳೆ ಕೊಡುವುದಿಲ್ಲ. ಮಗನ ಕಾಲೇಜು ಫೀಸು, ಗಂಡನ ವ್ಯಾಪಾರದ ನಷ್ಟ, ಬೋರ್‌ವೆಲ್ ಕೊರೆಸುವುದು, ಯಾವುದು ಬಂದರೂ ಮೊದಲು ಬಿಚ್ಚುವುದು ಅವಳ ಬಳೆ. ಪೇಟೆ ಬೀದಿಯಲ್ಲಿ ‘ಒಡವೆ ಸಾಲ’ ಎಂಬ ಬೋರ್ಡುಗಳನ್ನು ಎಣಿಸುತ್ತಾ ಹೋಗಿ. ಗಿರವಿ ಇಟ್ಟದ್ದು ಬಿಡಿಸಿಕೊಂಡು ಬಂದರೆ ಪುಣ್ಯ, ಬರದಿದ್ದರೆ ಕೇಳುವ ಹಾಗಿಲ್ಲ. ಮನೆಯ ಮಾನ ಉಳಿಸಿದ ಮಹಾತಾಯಿ ಎಂಬ ಹೊಗಳಿಕೆ ಮಾತ್ರ ಉಳಿಯುತ್ತದೆ. ಹೀಗೆ ಕೊಟ್ಟ ಹಾಗೂ ಇರಬೇಕು, ಬೇಕಾದಾಗ ಹಿಂದಕ್ಕೆ ತೆಗೆದುಕೊಳ್ಳುವ ಹಾಗೂ ಇರಬೇಕು, ಅಂಥ ಆಸ್ತಿಯನ್ನೇ ಆರಿಸಿ ನಮಗೆ ಕೊಟ್ಟಿದ್ದಾರೆ. ಒಡವೆ ಮೈಮೇಲೆ ಇದ್ದ ಮಾತ್ರಕ್ಕೆ ಒಡತಿಯಾಗುವುದಿಲ್ಲ. ಇಟ್ಟುಕೊಳ್ಳುವ, ಕೊಡುವ, ‘ಕೊಡುವುದಿಲ್ಲ’ ಎನ್ನುವ ಮೂರೂ ಅಧಿಕಾರ ಇದ್ದವಳು ಒಡತಿ. ಅಲಮೇಲಮ್ಮ ಆ ಮೂರನೆಯ ಮಾತನ್ನು ಆಡಿದಳು. ಅಷ್ಟಕ್ಕೇ ಅವಳ ಹಿಂದೆ ಸೈನ್ಯ ಬಂತು.

ಫ್ರೆಂಚರ ದೊಮೆನ್‌ಗೆ ‘ತಿಳಿದ ವಿಷಯ’ ಎಂಬ ಅರ್ಥವೂ ಇದೆ ಎಂದೆ. ನಮ್ಮನ್ನು ಸೋಲಿಸುತ್ತಿರುವುದು ಆ ಅರ್ಥವೇ. ಜಮೀನಿನ ವಿಚಾರ ಹೆಂಗಸರಿಗೆ ಯಾಕೆ, ಕೋರ್ಟು ಕಚೇರಿ ನಮಗೆ ಯಾಕೆ ಎಂದು ಅವರು ಹೇಳುವ ಮೊದಲೇ ನಾವು ಹೇಳಿಬಿಡುತ್ತೇವೆ. ಮೊಬೈಲಿನಲ್ಲಿ ನಿಮಿಷಕ್ಕೊಂದು ಅಡುಗೆಯ ವೀಡಿಯೋ ನೋಡುವವರಿಗೆ ಒಂದು ಪಹಣಿ ತೆಗೆದು ನೋಡುವುದು ಕಷ್ಟವೇ? ತವರಿನ ಸರ್ವೆ ನಂಬರು ಗೊತ್ತಿದ್ದರೆ ಭೂಮಿ ತಂತ್ರಾಂಶದಲ್ಲಿ ಯಾರು ಬೇಕಾದರೂ ನೋಡಬಹುದು, ನಾಡಕಚೇರಿಯಲ್ಲಿ ಪ್ರತಿ ಸಿಗುತ್ತದೆ. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಗೆ ಕೊಡುವ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಇದೆಯೇ ಎಂದು ಕೇಳಿ. ಕೇಳಿದ ಮಾತ್ರಕ್ಕೆ ಜಗಳವಲ್ಲ. ರುಜು ಹಾಕುವ ಮೊದಲು ಪತ್ರವನ್ನು ಮನೆಗೆ ತರಿಸಿಕೊಳ್ಳಿ, ಒಂದು ರಾತ್ರಿ ಇಟ್ಟುಕೊಳ್ಳಿ, ಬೇರೆಯವರಿಂದ ಓದಿಸಿ. ಎಲ್ಲ ತಿಳಿದ ಮೇಲೂ ತಮ್ಮನ ಕಷ್ಟ ನೋಡಿ ಬಿಟ್ಟುಕೊಡಬೇಕೆನ್ನಿಸಿದರೆ ಧಾರಾಳವಾಗಿ ಬಿಟ್ಟುಕೊಡಿ. ಅದು ದಾನ. ವಿಷ್ಣುವರ್ಧನನ ರಾಣಿ ಶಾಂತಲೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿ ಭೂಮಿಯನ್ನು ದತ್ತಿ ಬಿಟ್ಟಾಗ ಅವಳ ಹೆಸರು ಶಾಸನದಲ್ಲಿ ಉಳಿಯಿತು, ಏಕೆಂದರೆ ಏನು ಕೊಡುತ್ತಿದ್ದೇನೆ ಎಂಬುದು ಅವಳಿಗೆ ತಿಳಿದಿತ್ತು. ತನ್ನದು ಎಂದೇ ತಿಳಿಯದೆ ಕೊಟ್ಟದ್ದು ದಾನವಲ್ಲ, ಕಳೆದುಕೊಂಡದ್ದು.

ಹೀಗೆಲ್ಲ ಬರೆದರೆ ಮನ��� ಮುರಿಯುವವಳು ಎನ್ನುತ್ತಾರೆ. ಅನ್ನಲಿ. ಮೂರು ಗಂಡುಮಕ್ಕಳು ಬೇಲಿಗಾಗಿ ತಲೆ ಒಡೆದುಕೊಂಡರೆ ಅದು ಆಸ್ತಿ ವ್ಯಾಜ್ಯ, ಒಬ್ಬ ಹೆಣ್ಣುಮಗಳು ನನ್ನ ಹೆಸರೂ ಇರಲಿ ಎಂದರೆ ಅದು ಮನೆ ಮುರಿಯುವುದು! ಹೆಸರಿಲ್ಲದ ಮನೆ ಅವಳ ಪಾಲಿಗೆ ಎಂದೋ ಮುರಿದಿದೆ, ಅದು ಯಾರ ಕಣ್ಣಿಗೂ ಬಿದ್ದಿಲ್ಲ, ಅಷ್ಟೆ.

ಶಾಪ ಹಾಕುವುದು ಬೇರೆ ದಾರಿಯೇ ಇಲ್ಲದವರ ಕೆಲಸ. 1610ರಲ್ಲಿ ಅಲಮೇಲಮ್ಮನಿಗೆ ಹೋಗಲು ಒಂದು ಕಚೇರಿ ಇರಲಿಲ್ಲ, ತೋರಿಸಲು ಒಂದು ಕಲಮು ಇರಲಿಲ್ಲ. ಇದ್ದದ್ದು ನದಿಯೊಂದೇ. ನಮಗೆ ಕಚೇರಿ ಇದೆ, ಕಲಮು ಇದೆ, ಓದಲು ಅಕ್ಷರವಿದೆ. ಮುಂದಿನ ಸಲ ತಲಕಾಡಿಗೆ ಹೋದಾಗ ಮಕ್ಕಳಿಗೆ ಶಾಪದ ಕಥೆ ಹೇಳುವವರು, ಒಡವೆ ಯಾರದಾಗಿತ್ತು ಎಂಬ ಪ್ರಶ್ನೆಯನ್ನೂ ಹೇಳಿ. ಹೆಣ್ಣುಮಕ್ಕಳಿಗೆ ಮೊದಲು ಹೇಳಿ. ಗಂಡುಮಕ್ಕಳಿಗೆ ತಪ್ಪದೆ ಹೇಳಿ, ನಾಳೆ ಕಾರು ಮಾಡಿಕೊಂಡು ಅಕ್ಕನನ್ನು ರುಜುವಿಗೆ ಕರೆದುಕೊಂಡು ಹೋಗುವವರು ಅವರೇ.